ಆನೆಗೆ ತೊಂದರೆ ಕೊಡದೆ ಬಂದದ್ದು

೨೦೦೬ನೇ ಇಸವಿಯಲ್ಲಿ ಸಿಡ್ನಿಯ ವೆಸ್ಟ್‌ಮೀಡ್ ಕನ್ನಡಿಗರಿಂದ ಆಫ್ರಿಕಾದ ಯಾವ ಪ್ರಾಣಿಗೂ ತೊಂದರೆಯಾಗಲಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ. ಹೋದವರಲ್ಲಿ ನಾನೂ ಒಬ್ಬಳು, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳ್ತಿದೀನಿ.

ನನಗಿದ್ದದ್ದು ಒಂದೇ ಆಸೆ. ಈ ವಯಸ್ಸಿನವರೆಗೆ ನಾನು ಕಂಡ ಆನೆಗಳೆಲ್ಲ ನೌಕರಿಯಲ್ಲಿದ್ದವು. ಒಂದು ದೇವಸ್ಥಾನದ್ದು, ಒಂದು ಸರ್ಕಸ್ಸಿನದು, ಇನ್ನೊಂದು ಮರ ಎಳೆಯೋದು. ನೌಕರಿಯಿಲ್ಲದೆ ತನ್ನ ಪಾಡಿಗೆ ತಾನು ಓಡಾಡೋ ಆನೇನ ಸಾಯೋದ್ರೊಳಗೆ ನೋಡ್ಬೇಕು ಅಂತ ಮಗಳು ಅಪರ್ಣಂಗೆ ಹೇಳಿದೆ. ಅವಳು ನಿವೃತ್ತ ಡಾಕ್ಟರ್ ಉಮಾಶಂಕರ್‌ಗೆ ಹೇಳಿದಳು. ಅವರು ಸಂಜೆಯೊಳಗೆ ಜವಾಬ್ದಾರಿಯುತ ವನ್ಯವೀಕ್ಷಣಾ ಸಮಿತಿ ರಚಿಸಿ, ಅವಿರೋಧವಾಗಿ ಅಧ್ಯಕ್ಷರಾದರು. ಸದಸ್ಯರು ನಾವಿಬ್ಬರು.

ನಿಯಮಾವಳಿ ಹೊರಟಿತು. ಕಾಡಿನಲ್ಲಿ ಮಾತಾಡತಕ್ಕದ್ದಲ್ಲ. ಗಾಜಿನ ಬಳೆ ತೊಡತಕ್ಕದ್ದಲ್ಲ. ಹೊರಡುವ ಮುಂಚೆ ಒಂದು ವಾರ ಇಂಗಿನ ಒಗ್ಗರಣೆ ಸೇವಿಸತಕ್ಕದ್ದಲ್ಲ. ಆನೆ ಕಂಡರೆ ಕೈಮುಗಿಯತಕ್ಕದ್ದಲ್ಲ. ಒಬ್ಬರ ಮೇಲೊಬ್ಬರು ಸದಾ ಕಣ್ಣಿಟ್ಟಿರತಕ್ಕದ್ದು. ತಪ್ಪಿದಲ್ಲಿ ಜೀಪು ವಾಪಸ್. ಅದರಂತೆ ನನ್ನ ಮೇಲೆ ಅಪರ್ಣ, ಅವಳ ಮೇಲೆ ಅಧ್ಯಕ್ಷರು, ಅಧ್ಯಕ್ಷರ ಮೇಲೆ ನಾನು.

ರೈಲ್ವೆ ಸ್ಟೇಷನ್ ಪಕ್ಕದ ಪಾರ್ಕಿನಲ್ಲಿ ಕಾರು ನಿಲ್ಲಿಸಿ ಪೂರ್ವಾಭ್ಯಾಸ. ಉದ್ದ ಕೊಕ್ಕಿನ ಬಿಳಿ ಹಕ್ಕಿಯೊಂದು ಕಸದ ಡಬ್ಬಿಗೆ ತಲೆ ಹಾಕಿತ್ತು.

"ಸದರಿ ಹಕ್ಕಿಯನ್ನು ಸಿಂಹವೆಂದು ಪರಿಗಣಿಸತಕ್ಕದ್ದು," ಅಂದರು ಅಧ್ಯಕ್ಷರು.

ನಾನು ತುಟಿ ಬಿಗಿಹಿಡಿದೆ. ಆದರೆ ಅದು ಖಾಲಿ ಚಿಪ್ಸ್ ಪೊಟ್ಟಣ ಎಳೆದದ್ದು ನೋಡಿ, "ಅಯ್ಯೋ ಪಾಪ, ಅದರಲ್ಲೇನಿದೆಯೋ ಕಂದಾ!" ಅಂದುಬಿಟ್ಟೆ.

"ಅಮ್ಮಾ! ಸಿಂಹದ ಹತ್ರ ಹಿಂಗಾ ಮಾತಾಡೋದು?"

"ಸಿಂಹ ಚಿಪ್ಸ್ ತಿನ್ನತ್ತೇನೇ?"

"ಆಂಟಿ, ಇನ್ನೊಂದ್ಸಲ ಹಿಂಗಾದ್ರೆ ಟಿಕೆಟ್ ಕ್ಯಾನ್ಸಲ್," ಅಂತ ಅಧ್ಯಕ್ಷರಿಂದ ತೀರ್ಪಾಯಿತು.

ಅವತ್ತಿಂದ ನಾನು ಮನೇಲೂ ಮಾತು ಬಿಟ್ಟೆ. ಅಳಿಯಂದಿರು ಹೆದರಿ ನನ್ನ ಬಿಪಿ ನೋಡಿದರು.

ಅಂತೂ ಕೀನ್ಯಾಕ್ಕೆ ಹೋದೆವು. ಒಂದು ಬೆಳಗ್ಗೆ ಕಾಡಿನ ಮಧ್ಯೆ ಜೀಪು ನಿಂತಿತು. ಪಕ್ಕದಲ್ಲೇ ಪೊದೆ ಮುರಿಯುವ ಸದ್ದು. ಯಾವುದೋ ದೊಡ್ಡ ಜೀವ ಉಸಿರು ಬಿಟ್ಟಿತು.

"ಎಲಿಫೆಂಟ್! ಲುಕ್!" ಅಂತ ಡ್ರೈವರ್ ಪಿಸುಗುಟ್ಟಿದ.

ಅಧ್ಯಕ್ಷರು ಅಪರ್ಣನ ಮೇಲಿಂದ ಕಣ್ಣು ಕೀಳದೆ, ಬೆರಳೆತ್ತಿ ಅವನನ್ನು ಸುಮ್ಮನಿರಿಸಿದರು. ಹಾಗೆ ಬೆರಳೆತ್ತಬಹುದೋ ಇಲ್ಲವೋ ಅಂತ ನಾನು ಆ ಬೆರಳನ್ನೇ ನೋಡುತ್ತ ಕೂತೆ. ಅಪರ್ಣ ನನ್ನ ಬಾಯನ್ನೇ ನೋಡುತ್ತಿದ್ದಳು. ಕತ್ತು ಹೊರಳಿಸಿದರೆ ಜೀಪು ವಾಪಸ್. ನನ್ನ ಮಡಿಲ ಮೇಲೆ ದೊಡ್ಡದೊಂದು ನೆರಳು ಬಂತು, ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಹೋಯಿತು.

ಇಷ್ಟು ಒಳ್ಳೆಯ ಜನ ಈ ಕಾಡಿಗೆ ಬಂದೇ ಇಲ್ಲ ಅಂದ ಡ್ರೈವರ್.

ಸಿಡ್ನಿಯಲ್ಲಿ ಇಳಿದದ್ದೇ ತಡ, ಕನ್ನಡಿಗರು ಸಭೆ ಸೇರಿ ನಮಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಅದೇ ಸಭೆಯಲ್ಲಿ, ಮೆಲ್ಬರ್ನ್ ಕನ್ನಡಿಗರು ಆಫ್ರಿಕಾಕ್ಕೆ ಹೋಗಿ ಆನೆ, ಸಿಂಹ, ಜಿರಾಫೆ ಎಲ್ಲವನ್ನೂ ನೋಡಿಕೊಂಡೇ ಬಂದಿರುವ ಬಗ್ಗೆ ತೀವ್ರ ವಿಷಾದ ಸೂಚಿಸಲಾಯಿತು. ನಾನೂ ಕೈ ಎತ್ತಿದೆ.

ಮನೆಗೆ ಬಂದರೆ ಮೊಮ್ಮಗಳು ಹರ್ಷಿತಾ ಬಾಗಿಲಲ್ಲೇ ಕೇಳಿದಳು, "ಅಜ್ಜಿ, ಡಿಡ್ ಯು ಸೀ ದಿ ಎಲಿಫೆಂಟ್?"

"ಛೀ, ನಾವೇನು ಮೆಲ್ಬರ್ನಿನವರೇನೇ?" ಅಂದೆ.