ಕೀಲೆಣ್ಣೆ ಹತ್ತಿದ ರೊಟ್ಟಿ

ಇದನ್ನು ಬರೆಯಲು ಕುಳಿತಾಗಲೆಲ್ಲ ನನಗೆ ಬೇರೊಂದು ತುರ್ತು ಕೆಲಸ ನೆನಪಾಗುತ್ತದೆ. ಒಮ್ಮೆ ಕನ್ನಡಕ ಒರೆಸುವುದು, ಇನ್ನೊಮ್ಮೆ ಹಿತ್ತಲ ನುಗ್ಗೆಗಿಡಕ್ಕೆ ಕಂಬಳಿಹುಳು ಬಿದ್ದಿದೆಯೇ ಎಂದು ನೋಡುವುದು. ಹೀಗೆ ಮುಂದೂಡುತ್ತಲೇ ಮುದುಕನಾದೆ. ಈಗ ಕನ್ನಡಕ ಸ್ವಚ್ಛವಾಗಿದೆ, ನುಗ್ಗೆಗಿಡ ಹೋದ ಮಳೆಗಾಲದಲ್ಲಿ ಗಾಳಿಗೆ ಉರುಳಿತು. ಇನ್ನು ನೆಪ ಉಳಿದಿಲ್ಲ.

ಮೊದಲು ನನ್ನ ಸ್ವಭಾವ ಹೇಳಿಬಿಡುತ್ತೇನೆ. ನಾನು ಹುಟ್ಟು ಸಂಶಯಗಾರ. ಹಾಲಿನವಳು ನಕ್ಕರೆ ನೀರು ಬೆರೆಸಿದ್ದಾಳೆಂದೂ, ನಗದಿದ್ದರೆ ಇನ್ನಷ್ಟು ಬೆರೆಸಿದ್ದಾಳೆಂದೂ ತಿಳಿಯುವವನು. ಈ ಗುಣ ಮನೆಯೊಳಗೆ ಇದ್ದಷ್ಟು ದಿನ ತೊಂದರೆ ಹೆಂಡತಿಗೆ ಮಾತ್ರ. ಆದರೆ ಪ್ಲೇಗು ಬಂದ ವರ್ಷ ನಮ್ಮ ಮೂಡಲಗಿಯವರು ಒಂದು ಇಲಿ ಕಮಿಟಿ ಮಾಡಿದರು. ಬೆಳಗಾವಿಯ ಹೈಸ್ಕೂಲು ಕಂಡು ಬಂದವನೆಂಬ ಕಾರಣಕ್ಕೆ ನನ್ನನ್ನು ಅದರ ಸೆಕ್ರೆಟರಿ ಮಾಡಿದರು. ನನಗಾಗ ಮೀಸೆ ಸರಿಯಾಗಿ ಕೂಡಿರಲಿಲ್ಲ. ಸೆಕ್ರೆಟರಿ ಎಂಬ ಶಬ್ದ ಬಿದ್ದ ಕೂಡಲೇ ಅದು ಕೂಡಿದಂತೆ ಅನಿಸಿ ತಿರುವಲು ಶುರು ಮಾಡಿದೆ.

ಇಲಿ ಸತ್ತು ಬಿದ್ದ ಮನೆಗೆ ಪ್ಲೇಗು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮಾಡುವುದೇನು ಎಂಬಲ್ಲಿ ಜಗಳ. ಇಲಿಗಳನ್ನು ಬೋನಿನಲ್ಲಿ ಹಿಡಿದು ನೀರಲ್ಲಿ ಮುಳುಗಿಸಿ ಸುಡಬೇಕೆಂದು ನಾವು. ಬೇಡವೆಂದವರು ಶೇಂಗಾ ಕಾಕಾ. ಕಾಕಾ ಎಂದರೆ ನಮ್ಮ ಓಣಿಯ ಜೈನ ವ್ಯಾಪಾರಿ, ಊರಿನ ಹಿರಿಯ ಪಂಚ. ಮೇಲವಂಕಿ, ಮಸಗುಪ್ಪಿ ಕಡೆಯ ಶೇಂಗಾ ಎಲ್ಲ ತೂಕಕ್ಕೆ, ಮಾರಾಟಕ್ಕೆ ಅವರ ಅಡತಿ ಅಂಗಡಿಗೇ ಬರುತ್ತಿತ್ತು. ಅವರು ತೂಕ ಹೇಳಿದ ಮೇಲೆ ರೈತರು ತಕ್ಕಡಿಯ ಕಡೆ ತಿರುಗಿ ನೋಡುತ್ತಿರಲಿಲ್ಲ. ಅವರ ಮಾತಿಗೆ ಅಷ್ಟು ಬೆಲೆ.

ಚಾವಡಿಯಲ್ಲಿ ಸಭೆ ಕೂಡಿತು. ಕಾಕಾ ಎದ್ದು, "ಕೊಲ್ಲೂದು ಬ್ಯಾಡ್ರಿ. ಇಲಿ ಬಿದ್ದ ಮನಿ ಬಿಟ್ಟು ಹೊಲದಾಗ ಗುಡಿಸಲಾ ಹಾಕೂಣು. ಬಂಡಿ ನಾ ಕೊಡ್ತೇನಿ" ಎಂದರು.

"ಕಾಕಾ, ನಿಮ್ಮ ಅಡತ್ಯಾಗಿನ ಇಲಿ ನಿಮಗ ಭಾಗೀದಾರ ಏನ್ರಿ?" ಎಂದೆ ನಾನು. ಸಭೆ ನಕ್ಕಿತು.

ಕಾಕಾ ಕೂಡ ನಕ್ಕರು. "ಭಾಗೀದಾರ ಆಗಿದ್ರ ಲುಕ್ಸಾನದಾಗೂ ಪಾಲು ತಗೋತಿತ್ತೋ ತಮ್ಮಾ. ಬರೇ ಉಂಡು ಹೋಗ್ತೈತಿ, ಕಮಿಟಿ ಮೆಂಬರಗತೆ."

ಸಭೆ ಇನ್ನೂ ಜೋರಾಗಿ ನಕ್ಕಿತು. ಅದೇ ನನಗೆ ಚುಚ್ಚಿತು. ಆಮೇಲೆ ನಾನು ಎಷ್ಟೋ ಸಭೆಗಳಲ್ಲಿ ಕುಳಿತಿದ್ದೇನೆ. ಹೆಣ್ಣುಮಕ್ಕಳ ಸಾಲಿ ಬೇಕೋ ಬೇಡವೋ, ಸಿಂದಿ ಅಂಗಡಿ ಇರಬೇಕೋ ಮುಚ್ಚಬೇಕೋ ಎಂದು ಜನ ಬಡಿದಾಡಿದ್ದನ್ನು ಕಂಡಿದ್ದೇನೆ. ಎಲ್ಲ ಕಡೆ ರೀತಿ ಒಂದೇ. ನಮ್ಮ ಹೊಟ್ಟೆಯಲ್ಲಿರುವುದು ಧರ್ಮ, ಎದುರಿನವನ ಹೊಟ್ಟೆಯಲ್ಲಿರುವುದು ಲಾಭ. ಇಷ್ಟು ನಂಬಿಬಿಟ್ಟರೆ ವಾದ ಮಾಡಲು ಬುದ್ಧಿಯೇ ಬೇಕಾಗಿಲ್ಲ. ಕಾಕಾನಿಗೆ ಇಲಿಯ ಮೇಲೆ ದಯೆಯಲ್ಲ, ಊರ ಹೊರಗೆ ಹೋಗುವವರು ಮನೆಯಲ್ಲಿ ಬಿಟ್ಟು ಹೋಗುವ ತುಂಬಿದ ಚೀಲಗಳ ಮೇಲೆ ಕಣ್ಣು ಎಂದು ನಾನು ಕಟ್ಟೆಕಟ್ಟೆಗೆ ಹೇಳುತ್ತ ಬಂದೆ. ಆ ಮಾತಿಗೆ ಅರ್ಥವಿರಲಿಲ್ಲ. ಆದರೂ ಜನ ತಲೆಯಾಡಿಸಿದರು.

ಕೊನೆಗೆ ಕೈ ಎತ್ತಿಸಿದಾಗ ನಾವೇ ಗೆದ್ದೆವು. ಕಾಕಾ, "ಊರು ಹೇಳಿದ್ದಕ್ಕ ನಾ ಅಡ್ಡ ಬರೂದಿಲ್ಲ, ಇದು ನನ್ನ ಮಾತು. ನನ್ನ ಕೈಲೆ ಮಾತ್ರ ಮಾಡಸಬ್ಯಾಡ್ರಿ" ಎಂದು ಕುಳಿತರು.

ಓಣಿಯ ಬೋನುಗಳನ್ನೆಲ್ಲ ಸಂಜೆ ಬೀದಿಗೆ ತೆರೆದ ನಮ್ಮ ಪಡಸಾಲೆಗೆ ತಂದಿಡುವುದು, ಬೆಳಿಗ್ಗೆ ಮುಳುಗಿಸುವುದು ಎಂದು ನಿಶ್ಚಯವಾಯಿತು. ಸಂಜೆ ಬೋನಿನ ತುಂಬ ಇಲಿ. ಬೆಳಿಗ್ಗೆ ನೋಡಿದರೆ ಬಾಗಿಲು ತೆರೆದಿದೆ, ಒಳಗೆ ಏನಿಲ್ಲ. ಒಂದು ದಿನವಲ್ಲ, ದಿನವೂ ಹೀಗೆಯೇ. ಇನ್ಯಾರು? ಪಡಸಾಲೆಯ ಎದುರಿಗೇ ಕಾಕಾನ ಅಡತಿ. ಮಾತು ಕೊಟ್ಟು ಮುರಿಯುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಮುಂದಿನ ಸಭೆಯ ಹಿಂದಿನ ಸಂಜೆ ಒಂದು ಉಪಾಯ ಮಾಡಿದೆ. ಬಂಡಿಯ ಅಚ್ಚಿಗೆ ಹಾಕುವ, ಹರಳೆಣ್ಣೆಗೆ ಮಸಿ ಕಲಸಿದ ಕಪ್ಪು ಕೀಲೆಣ್ಣೆಯನ್ನು ಬೋನಿನ ಚಿಲಕಗಳಿಗೆ ಬಳಿದೆ. ನೀರಿಗೆ, ಬೂದಿಗೆ ಜಗ್ಗುವ ಮಸಿಯಲ್ಲ ಅದು. ತೆರೆದವನ ಕೈ ನಾಳೆ ಊರಿಗೇ ಕಾಣುತ್ತದೆ ಎಂದು ಹಿಗ್ಗುತ್ತ ಮಲಗಿದೆ.

ಬೆಳಿಗ್ಗೆ ಬೋನು ಖಾಲಿ. ಖುಷಿಯಿಂದ ಊಟಕ್ಕೆ ಕುಳಿತೆ. ಅವ್ವ ಒಲೆಯ ಮುಂದೆ ಬಿಸಿ ಜೋಳದ ರೊಟ್ಟಿ ತಟ್ಟಿ ತಾಟಿಗೆ ಹಾಕಿದಳು. ರೊಟ್ಟಿಯ ಅಂಚಿನಲ್ಲಿ ಕಪ್ಪಗೆ ಒಂದು ಹೆಬ್ಬೆಟ್ಟಿನ ಗುರುತು. ಪೊರೆ ಬಂದ ಅವಳ ಕಣ್ಣಿಗೆ ಅದು ಕಂಡಿರಲಿಲ್ಲ.

"ಅವ್ವಾ, ಬೋನು ನೀ ತಗದ್ಯಾ?"

"ನಾನಽ. ಯಾಕ?"

"ಊರಿಗೆ ಪ್ಲೇಗ ಬಂದೈತಿ, ನೀ ಇಲಿ ಬಿಡಾಕತ್ತಿ?"

ಅವ್ವ ಇನ್ನೊಂದು ರೊಟ್ಟಿ ತಿರುವಿ ಹಾಕಿದಳು. "ನಸಕಿನ್ಯಾಗ ಪೂಜಿಗೆ ಕುಂಡ್ರತೇನಿ. ಅವು ಅಲ್ಲೇ ಕಿಚ್ ಕಿಚ್ ಅಂತಾವ. ಅಂಗೈಯಾಗ ಲಿಂಗ ಇಟಗೊಂಡು, ಮುಳುಗಸಾಕ ಇಟ್ಟ ಜೀವದ ಕೂಗು ಕೇಳಕೋತ ಹೆಂಗ ಕುಂಡ್ರಲಿ? ನಿನ್ನ ಕಮಿಟಿ ಬೋನು ಬ್ಯಾರೆ ಕಡೆ ಇಡು, ಆಗ ಇಲಿ ಬಿಡೂದಿಲ್ಲ."

ನಾನು ಏನು ಮಾಡಿದೆನೆಂದರೆ, ಆ ಅಂಚನ್ನೇ ಮೊದಲು ಮುರಿದು, ಕೆಂಪುಚಟ್ನಿ ಹಚ್ಚಿ ತಿಂದುಬಿಟ್ಟೆ. ಬಾಯಿ ತುಂಬ ಹರಳೆಣ್ಣೆಯ ವಾಸನೆ. ನೀರು ಕುಡಿದು ಸಭೆಗೆ ನಡೆದೆ.

ಬೋನು ಖಾಲಿ ಕಂಡ ಕೂಡಲೇ, ಊಟಕ್ಕೆ ಕೂಡುವ ಮೊದಲೇ, ಉಪಾಯದ ವಿಷಯವನ್ನು ಜಂಬದಿಂದ ಎಲ್ಲರಿಗೂ ಹೇಳಿಬಂದಿದ್ದೆ. ಎಲ್ಲರೂ ಕೈ ತೋರಿಸಬೇಕೆಂದು ಯಾರೋ ಎಂದರು. ಕಾಕಾ ಎರಡೂ ಅಂಗೈ ಮುಂದೆ ಚಾಚಿದರು. ಮೊಣಕೈಯವರೆಗೂ ಕಪ್ಪು.

"ನಸಕಿನಿಂದ ಬಂಡಿಗೆ ಕೀಲೆಣ್ಣಿ ಹಾಕಾಕತ್ತೇನ್ರಿ. ಇವತ್ತ ಕೆಳಗಿನ ಓಣಿ ಮಂದೀನ ಗುಡಸಲಕ್ಕ ಮುಟ್ಟಸಬೇಕು" ಎಂದರು.

ಯಾರೂ ನಂಬಲಿಲ್ಲ. "ಮಾತು ಕೊಟ್ಟಿದ್ರಲ್ರೀ ಕಾಕಾ" ಎಂದು ಹಿಂದಿನಿಂದ ಒಂದು ದನಿ ಬಂತು. ಎಲ್ಲರೂ ನನ್ನ ಕಡೆ ನೋಡಿದರು. ಕಾಕಾ ಸಹ ನೋಡಿದರು. ಅವ್ವನ ಹೆಸರು ಹೇಳಿದರೆ ಊರಿನಲ್ಲಿ ಸತ್ತವರೆಲ್ಲರ ಮನೆಯವರು ನಮ್ಮ ಬಾಗಿಲಿಗೆ ಬರುತ್ತಾರೆ ಎಂಬ ಹೆದರಿಕೆ ಇತ್ತು, ಖರೆ. ಆದರೆ ಅದೊಂದೇ ಅಲ್ಲ. ಹೇಳಿದ್ದರೆ ಸೆಕ್ರೆಟರಿಗಿರಿ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ಸಂಶಯ ಸುಳ್ಳಾಗುತ್ತಿತ್ತು. ಬಾಯಲ್ಲಿ ಹರಳೆಣ್ಣೆಯ ರುಚಿ ಇಟ್ಟುಕೊಂಡೇ ನಾನು, "ಕೈ ನೋಡಿದ ಮ್ಯಾಲೆ ಇನ್ನೇನ್ ಹೇಳೂದೈತ್ರಿ" ಎಂದೆ.

ಕಾಕಾ ಪಂಚಗಿರಿ ಬಿಟ್ಟರು. ಸಭೆಯೊಡನೆ ವಾದ ಮಾಡಲಿಲ್ಲ, ಆಣೆ ಇಡಲಿಲ್ಲ. ಅಂದು ಮಧ್ಯಾಹ್ನ ಗುಡಿಸಲಿಗೆ ಹೊರಟ ಅವರ ಬಂಡಿ ನಮ್ಮ ಮನೆಯ ಮುಂದೆಯೂ ನಿಂತಿತು. "ಬಾ ತಂಗೀ, ಹುಷಾರಲೆ ಹತ್ತು" ಎಂದು ಅವ್ವನನ್ನು ಕೈ ಹಿಡಿದು ಹತ್ತಿಸಿದರು. ಎರಡು ಕಪ್ಪು ಕೈಗಳು ಒಂದನ್ನೊಂದು ಹಿಡಿದಿದ್ದವು. ಅವರು ಅವ್ವನ ಬೆರಳು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎತ್ತಿನ ಹಗ್ಗ ಎಳೆದರು. ನಾನು ಬಂಡಿ ಹತ್ತಲಿಲ್ಲ. ಕಮಿಟಿ ಕೆಲಸವಿದೆಯೆಂದು ಹೇಳಿ ಹಿಂದೆ ನಡೆದು ಹೋದೆ.

ಮುಂದಿನ ಸುಗ್ಗಿಗೆ ರೈತರು ಕಾಕಾನ ತೂಕ ಮುಗಿದ ಮೇಲೆ ತಕ್ಕಡಿ ನೋಡತೊಡಗಿದರು. ಕಾಕಾ ಅಡತಿ ಮುಚ್ಚಿ ಹುಕ್ಕೇರಿಗೆ, ಮಗಳ ಊರಿಗೆ ಹೋದರು. ಒಮ್ಮೆ ಅಲ್ಲಿಯ ಸಂತೆಯಲ್ಲಿ ದೂರದಿಂದ ಕಂಡೆ. ಬದನೆಕಾಯಿ ಆರಿಸುತ್ತಿದ್ದರು. ಹೋಗಿ ಕಾಲು ಮುಟ್ಟಬೇಕಿತ್ತು. ನಾನು ಬಳೆಗಾರರ ಸಾಲಿಗೆ ಹೊಕ್ಕು, ಹೆಂಡತಿಗೆ ಬೇಡವಾದ ಬಳೆ ಕೊಂಡು ಬಂದೆ. ಇವರಿಗೇನು ಒಮ್ಮೆಲೇ ಪ್ರೀತಿ ಎಂದು ಅವಳಿಗೆ ಸಂಶಯ ಬಂತು. ನಮ್ಮ ಮನೆಯಲ್ಲಿ ಎಂದಾದರೂ ಸರಿಯಾದ ಸಂಶಯ ಹುಟ್ಟಿದ್ದರೆ ಅದೊಂದೇ.

ಇಂದಿಗೂ ರೊಟ್ಟಿ ಮುರಿಯುವ ಮೊದಲು ಅಂಚು ತಿರುಗಿಸಿ ನೋಡುತ್ತೇನೆ. ಸೊಸೆ, "ಸುಟ್ಟಿಲ್ಲರೀ ಮಾಮಾ, ಉಣ್ರಿ" ಎನ್ನುತ್ತಾಳೆ. ಸುಟ್ಟಿದ್ದನ್ನು ಹುಡುಕುತ್ತಿಲ್ಲವೆಂದು ಅವಳಿಗೆ ಹೇಗೆ ಹೇಳಲಿ? ಕಾಕಾ ತೀರಿಕೊಂಡು ಬಹಳ ಕಾಲವಾಯಿತು. ಊರಿನವರಿಗೆ ಅಡ್ಡಹೆಸರು ಮಾತ್ರ ನೆನಪಿದೆ, ಅದೂ ಇಲಿ ಬಿಟ್ಟವನೆಂದು. ಬೋನನ್ನು ಮುಟ್ಟದ ಆ ಮನುಷ್ಯನ ಹೆಸರು ನೇಮಣ್ಣ ಪಾಯಪ್ಪ ಮಗದುಮ್ಮ.