ಮಾವನ ಕಪ್ಪು-ಬಿಳುಪು ಫೋಟೊ

ಇನ್ನು ಮುಂದೆ ನಮ್ಮ ಮನೆಯಲ್ಲಿ ಒಂದೇ ಒಂದು ಫೋಟೊ ಕೆಡುವುದಿಲ್ಲ, ಇದು ನನ್ನ ಶಪಥ! ಕಳೆದ ಭಾನುವಾರ ಬೆಳಿಗ್ಗೆ ಕೆಸರೆಯ ನಮ್ಮ ಮನೆಯ ಹಜಾರದಲ್ಲಿ ನಿಂತು ಹೀಗೆಂದು ಘೋಷಿಸಿದೆ. ವಾರವಿಡೀ ಮೊಬೈಲಿನಲ್ಲಿ ಫೋಟೊ ತೆಗೆಯುವ ಪಾಠಗಳನ್ನು ನೋಡಿ ಮುಗಿಸಿದ್ದೆ. ಲೆನ್ಸ್ ಒರೆಸಿ, ಕಿಟಕಿಯ ಬೆಳಕು ಹಿಡಿಯಿರಿ, ಹಿನ್ನೆಲೆ ಖಾಲಿ ಇರಲಿ, ಬಲವಂತವಾಗಿ ನಗಿಸಬೇಡಿ, ಬಣ್ಣ ತೆಗೆದರೆ ಗಾಂಭೀರ್ಯ ಬರುತ್ತದೆ. ಎಲ್ಲ ಬಾಯಿಪಾಠ!

“ಮೊದ್ಲು ನಿಮ್ಮ ಬೆರಳು ಅಡ್ಡ ಬರ್ದಂಗೆ ನೋಡ್ಕಳಿ,” ಎಂದಳು ಹೆಂಡತಿ ತೇಜಸ್ವಿನಿ.

ಅವಳ ಮಾತು ಹಾಗಿರಲಿ, ನನಗೆ ಬೇಕಾಗಿದ್ದದ್ದು ಮಾವ ಜವರಯ್ಯನವರ ಬಾಯಿಂದ ಒಂದು ‘ಭೇಷ್’. ಮದುವೆಯಾಗಿ ಒಂಬತ್ತು ವರ್ಷವಾದರೂ ಅವರು ಹೊಗಳಿದ್ದು ನನ್ನ ಸ್ಕೂಟರನ್ನು ಮಾತ್ರ. ಬಿ.ಪಿ. ಏರಿ ಎರಡು ದಿನ ಆಸ್ಪತ್ರೆಯಲ್ಲಿದ್ದವರು, ಸುಧಾರಿಸಿಕೊಳ್ಳಲು ಅತ್ತೆಯೊಂದಿಗೆ ನಮ್ಮ ಮನೆಗೆ ಬಂದಿದ್ದರು. ಗಾಬರಿಯಾಗುವಂಥದ್ದು ಏನೂ ಆಗಕೂಡದು ಎಂದು ಡಾಕ್ಟರು ಎಚ್ಚರಿಸಿದ್ದರು.

ಬಿಳಿ ಪಂಚೆ, ಬಿಳಿ ಅಂಗಿ ಹಾಕಿಸಿ ಮಾವನನ್ನು ಕಿಟಕಿಯ ಪಕ್ಕ ಕೂರಿಸಿದೆ. “ನಗಬೇಡಿ ಮಾವ. ದೂರ ನೋಡಿ. ಇನ್ನೂ ದೂರ!”

“ಇನ್ನೆಷ್ಟ್ ದೂರ ಅಳಿಯಂದ್ರೇ? ಆಗ್ಲೇ ಬನ್ನಿಮಂಟಪ ಕಾಣ್ತಾ ಅದೆ!”

ಮೂವತ್ತೆರಡು ಫೋಟೊ ತೆಗೆದು ಒಂದನ್ನು ಆರಿಸಿದೆ. ಬಣ್ಣ ತೆಗೆದೆ. ತಲೆಯ ಸುತ್ತ ಒಂಚೂರು ಬೆಳಕು ಹೆಚ್ಚಿಸಿದೆ. ಆಹಾ! ಅದನ್ನು ಮಾವನ ಕಡೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿ, ‘ಪೂಜ್ಯ ಮಾವನವರು’ ಎಂದು ಬರೆದು, ವಿನಯಕ್ಕಿರಲೆಂದು ಎರಡು ಮುಗಿದ ಕೈಗಳ ಚಿತ್ರ ಸೇರಿಸಿದೆ. ಆಮೇಲೆ ಮೊಬೈಲನ್ನು ಚಾರ್ಜಿಗೆ ಹಾಕಿ, ಊಟ ಮುಗಿಸಿ, ಮಾವ ಅವರ ಕೋಣೆಯಲ್ಲಿ ಮಲಗಿದಂತೆ ನಾನು ನನ್ನ ಕೋಣೆಯಲ್ಲಿ ಮಲಗಿದೆ.

ತೇಜಸ್ವಿನಿ ಅಲುಗಾಡಿಸಿ ಎಬ್ಬಿಸಿದಳು. ಮುಖ ಬಿಳುಚಿಕೊಂಡಿತ್ತು. “ಏನ್ರೀ ಮಾಡ್ಬುಟ್ರಿ? ನಮ್ಮಪ್ಪಂಗೆ ಮೂವತ್ತೆಂಟು ಜನ ‘ಓಂ ಶಾಂತಿ’ ಅಂತ ಹಾಕವ್ರೆ!”

ಗಡಿಬಿಡಿಯಲ್ಲಿ ಗ್ರೂಪಿನಿಂದ ಫೋಟೊ ಅಳಿಸಿದೆ. ಅದು ಎರಡನೆಯ ತಪ್ಪು! ತಕ್ಷಣ ಮಾವನ ತಮ್ಮ ಮರಿಸ್ವಾಮಿ ಫೋನ್ ಮಾಡಿ ಗೋಳಾಡಿದರು. “ಫೋಟೊನೂ ತೆಗೆದ್ಬುಟ್ರಾ, ನೋಡಕ್ಕಾಗ್ದೆ? ವ್ಯಾನ್ ಮಾಡ್ಕಂಡು, ಹಾರ ತಕಂಡು ಹದ್ನಾರು ಜನ ಬತ್ತಾ ಇದೀವಿ. ಬನ್ನಿಮಂಟಪ ದಾಟ್ಬುಟ್ಟೊ. ನಾವು ಬರಗಂಟ ಎತ್ತಬೇಡಿ!”

“ಚಿಕ್ಕಮಾವ, ಮಾವ ಮಲಗಿದ್ದಾರೆ, ಅಷ್ಟೇ!”

“ಊಂ ಕಣಪ್ಪ, ಪುಣ್ಯಾತ್ಮ. ಮಲಗ್ದಂಗೇ ಓದ,” ಎಂದು ಬಿಕ್ಕುತ್ತಾ ಫೋನಿಟ್ಟರು.

ಒಳಗೆ ಮಾವನ ಗೊರಕೆ ಕೇಳುತ್ತಿತ್ತು. ಎದ್ದು ಬಂದು ತಮಗೆಂದೇ ತಂದ ಹಾರ ನೋಡಿದರೆ ಆ ಬಿ.ಪಿ. ಎಲ್ಲಿಗೆ ಹೋಗುತ್ತದೆ? ಹಾಕಿದ ‘ಓಂ ಶಾಂತಿ’ಗಳನ್ನು ಯಾರೂ ಅಳಿಸಬೇಕಾಗಿಯೇ ಇರುವುದಿಲ್ಲ! ತೇಜಸ್ವಿನಿ ಗೇಟಿಗೆ ಓಡಿದಳು. ನಾನು ಮಾವನ ಕೋಣೆಯ ಬಾಗಿಲಿಗೆ ಅಡ್ಡ ನಿಂತೆ.

ವ್ಯಾನ್ ಬಂದೇಬಿಟ್ಟಿತು. ತೇಜಸ್ವಿನಿ ಬಾಯಿ ತೆರೆಯುವ ಮೊದಲೇ ಹೆಂಗಸರ ಅಳು ಬೀದಿ ತುಂಬಿತು. ಹಿತ್ತಲಿನಿಂದ ಓಡಿಬಂದ ಅತ್ತೆ ಭಾಗ್ಯಮ್ಮ ಒಬ್ಬೊಬ್ಬರನ್ನೂ ತಬ್ಬಿಕೊಂಡು ಮನಸಾರೆ ಅತ್ತರು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು ಕೇಳಿದರು, “ಅದ್ಸರಿ, ಯಾರ್ ಓದ್ರವ್ವ?”

ಅಷ್ಟರಲ್ಲಿ ನನ್ನ ಬೆನ್ನ ಹಿಂದಿನ ಬಾಗಿಲು ತೆರೆಯಿತು. ಮಾವ! ಹದಿನಾರು ಜನರ ಅಳು ಒಮ್ಮೆಗೇ ನಿಂತಿತು. ಮಾವ ಕಣ್ಣುಜ್ಜಿಕೊಂಡು ಹಾರಗಳನ್ನು ನೋಡಿದರು, ತಮ್ಮನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ತೊದಲುತ್ತಾ ಎಲ್ಲವನ್ನೂ ಒಪ್ಪಿಕೊಂಡು, ಮೊಬೈಲಿನಲ್ಲಿ ಉಳಿದಿದ್ದ ಆ ಫೋಟೊ ತೆರೆದು ಅವರ ಕೈಗಿಟ್ಟೆ.

ಮಾವ ಫೋಟೊವನ್ನು ಬಹಳ ಹೊತ್ತು ನೋಡಿದರು. “ಭೇಷ್! ಚೆನ್ನಾಗ್ ಬಂದದೆ. ಮಡಗಿರಿ, ಮುಂದಕ್ಕೆ ಬೇಕಾಯ್ತದೆ. ಎಷ್ಟ್ ಜನ ಬತ್ತಾರೆ ಅಂತ ಬದುಕಿರವಾಗ್ಲೇ ಗೊತ್ತಾಯ್ತಲ್ಲ, ಸಾಕು ನಂಗೆ.”

ಭೇಷ್! ಒಂಬತ್ತು ವರ್ಷ ಕಾದ ಭೇಷ್! ಬಂದವರೆಲ್ಲ ಕಾಫಿ ಕುಡಿದು, ನಗುತ್ತಾ ಊರಿಗೆ ಹೊರಟರು. ಹಾರಗಳು ದೇವರ ಮನೆಗೆ ಹೋದವು.

ಮಾರನೆಯ ದಿನ ಮಾವ ಕಣ್ಣು ಮಿಟುಕಿಸಿದರು. “ಅಳಿಯಂದ್ರೇ, ನಿಮ್ದೂ ಒಂದು ಹಾಕಿ. ಎಷ್ಟ್ ಜನ ಬತ್ತಾರೆ ನೋಡಣ.”

ಅದೇ ಕಿಟಕಿ, ಅದೇ ಬಿಳಿ ಅಂಗಿ, ಅದೇ ಮುಗಿದ ಕೈಗಳು. ನಾನು ಬನ್ನಿಮಂಟಪಕ್ಕಿಂತ ಇನ್ನೂ ದೂರವೇ ನೋಡಿದ್ದೆ. ತೇಜಸ್ವಿನಿ ಫೋಟೊ ತೆಗೆದು ಗ್ರೂಪಿಗೆ ಹಾಕಿದಳು. ಸಂಜೆಯವರೆಗೆ ಕಾದೆವು. ಮರಿಸ್ವಾಮಿ ಚಿಕ್ಕಮಾವನದೊಂದೇ ಉತ್ತರ ಬಂತು:

‘ನಾಳೆ ಭತ್ತದ ನಾಟಿ ಅದೆ. ಬರಕ್ಕಾಗಲ್ಲ. ನೀವೇ ಮುಗಿಸ್ಕಳಿ.’