ಪಾಚಿಗೆ ಹಿಡಿದ ಕೊಡೆ

ಬಳ್ಳಾರಿಯ ಬಿಸಿಲಿನಲ್ಲಿ ಪಾಚಿಯ ಬಾಟಲಿಗೆ ಕೊಡೆ ಹಿಡಿದು, ತಾನು ಬರಿದಲೆಯಲ್ಲಿ ನಡೆಯುವ ಹೆಂಗಸನ್ನು ನೀವು ನೋಡಿದ್ದೀರಾ? ನಾನು ವಾರವಾರ ನೋಡುತ್ತೇನೆ. ಆಕೆ ನನ್ನ ಅಕ್ಕ!

ಅಕ್ಕನ ಸಂಶೋಧನೆ ಹಸಿರು ಪಾಚಿಯ ಮೇಲೆ. ಆರನೇ ತರಗತಿಗೆ ಶಾಲೆ ಬಿಟ್ಟು ಜೀನ್ಸ್ ಪ್ಯಾಂಟು ತೊಳೆಯುವ ಕೆಲಸಕ್ಕೆ ಸೇರಿದ ನನಗೆ ಪಾಚಿಯೆಂದರೆ ಕಾಲು ಜಾರಿಸುವ ವಸ್ತು, ಅಷ್ಟೇ. ಭಾನುವಾರ ಬಂದರೆ ಅಕ್ಕ ಪಾಚಿ ಹುಡುಕಲು ನನ್ನ ಬೈಕಿನ ಹಿಂದೆ ಕೂತು ಕುರುಗೋಡು, ಸಿರುಗುಪ್ಪ ಎಂದು ತಿರುಗಿಸುವಳು. ಒಮ್ಮೆ ಹಚ್ಚೊಳ್ಳಿಯ ಕಾಲುವೆಗೆ ಇಳಿದಿದ್ದಳು. ರೈತನೊಬ್ಬ ಟ್ರ್ಯಾಕ್ಟರ್ ನಿಲ್ಲಿಸಿದ.

"ಏನ್ ಕಳಕೊಂಡೀಯವ್ವ? ಕಿವಿ ಬೆಂಡೋಲಿನಾ?"

"ಪಾಚಿ ಬೇಕಾಗಿತ್ತರಿ."

"ಅಯ್ಯ, ಪೂರಾ ಒಯ್ಯವ್ವ! ಟ್ರ್ಯಾಲಿ ಕೊಡ್ಲೇನು?"

ಇಷ್ಟು ಕಷ್ಟಪಟ್ಟು ತಂದ ಪಾಚಿಯನ್ನು ಕಾಲೇಜಿನಲ್ಲಿ ನೇರಳಾತೀತ ದೀಪದ ಕೆಳಗಿಟ್ಟು ಸತಾಯಿಸುವಳು!

"ಅದಕ್ಯಾಕಕ್ಕ ಇಷ್ಟು ತ್ರಾಸು?" ಎಂದರೆ ಕಣ್ಣರಳಿಸುವಳು.

"ಲೇ, ಆ ಬೆಳಕಿನ ಏಟು ಬಿದ್ದ ಕೂಡ್ಲೆ ಅದರಾಗ ಜೋಡಿಯಾಗಿರೂ ಒಂದು ಪ್ರೋಟೀನು ಬಿಡಿಯಾಗಿ ಸುದ್ದಿ ಮುಟ್ಟಿಸ್ತೈತಿ. ಆಮ್ಯಾಲೆ ಬ್ಯಾರೆ ಪ್ರೋಟೀನು ತಯಾರಾಗಿ ಹರಿದಿದ್ದನ್ನ ಸರಿ ಮಾಡ್ತಾವ. ಹೊಡೆದವರು ಯಾರು ಅಂತ ಕೇಳೂದಿಲ್ಲ, ಮೊದ್ಲು ರಿಪೇರಿ!"

"ಹಂಗಾದ್ರ ನಮ್ಮ ಟೈಲರ್‌ಗಿಂತ ಚಲೋ ಬಿಡು!"

ಕಾಲೇಜಿಗೆ ಸುಣ್ಣ ಬಳಿಯುವಾಗ ಅವಳ ಆರು ಬಾಟಲಿಗಳು ನಮ್ಮ ಮನೆಯ ಕಿಟಕಿಗೆ ಬಂದವು. ತಿಂಗಳುಗಟ್ಟಲೆ ಸಾಕಿದ ಪಾಚಿ. ಅವಳ ಡಿಗ್ರಿಯೆಲ್ಲ ಅದರಲ್ಲೇ ಇತ್ತು. ದಿನವಿಡೀ ಬ್ಲೀಚ್ ಹಾಕಿ ಬಣ್ಣ ತೆಗೆಯುವವನ ಕೈ ಸುಮ್ಮನಿರುತ್ತದೆಯೇ? ಗಾಜಿನ ಹಸಿರು ಕಲೆ ಹೋಗಲೆಂದು ಬಾಟಲಿಗೊಂದು ಮುಚ್ಚಳ ಬ್ಲೀಚ್ ಸುರಿದೆ. ಪ್ಯಾಂಟಿಗೆ ಹಾಕುವುದಕ್ಕಿಂತ ಎಷ್ಟೋ ಕಡಿಮೆ!

ಸಂಜೆಗೆ ಪಾಚಿ ಮಜ್ಜಿಗೆಯಂತಾಗಿತ್ತು.

"ಪರದೆ ಸರಿದು ಬಿಸಿಲು ಬಡಿದೈತಿ ನೋಡಕ್ಕ," ಎಂದುಬಿಟ್ಟೆ.

ಅಕ್ಕ ಬಾಟಲಿಗಳನ್ನು ಒಂದೊಂದಾಗಿ ಮೂಸಿದಳು. ಬಳಿಕ ಕಾಲೇಜಿನ ತನ್ನ ಮೇಷ್ಟ್ರಿಗೆ ಫೋನು ಮಾಡಿ, "ತಪ್ಪು ನಂದ ಸರ್," ಎಂದಳು. ಅತ್ತಲಿಂದ ಬಂದ ಬೈಗುಳ ನನ್ನ ಕಿವಿಗೂ ಬಿತ್ತು. ನಾನು ಪರದೆ ಸರಿಪಡಿಸುತ್ತ ನಿಂತೆ.

ಮುಂದಿನ ಭಾನುವಾರ ಮತ್ತೆ ಸಿರುಗುಪ್ಪದ ದಾರಿ. ಅರ್ಧ ದಾರಿಯಲ್ಲಿ ತಡೆಯಲಾಗಲಿಲ್ಲ.

"ಅಕ್ಕ, ಬಿಸಿಲಲ್ಲ. ನಾನ ಬ್ಲೀಚ್ ಹಾಕಿದ್ದೆ."

"ಗೊತ್ತೈತಿ. ಬಾಟ್ಲಿ ನಿನ್ನ ಅಂಗಿ ವಾಸನಿ ಹೊಡೀತಿತ್ತು."

"ಮತ್ತ ಸರ್ ಮುಂದ ಯಾಕ ಹೇಳಲಿಲ್ಲ?"

"ಮುಂದ ನೋಡಿ ಗಾಡಿ ಹೊಡಿ. ಎರಡು ಬಾಟ್ಲಿ ಜಾಸ್ತಿ ತಂದೀನಿ."

ಇಂಥವಳ ಬೆನ್ನಿಗೆ ಹುಟ್ಟಿದ್ದು ನನ್ನ ಪುಣ್ಯ. ಕಾಲುವೆಗಿಳಿದ ಅಕ್ಕ ತುಂಬಿದ ಬಾಟಲಿಯನ್ನು ದಂಡೆಯ ಮೇಲಿಟ್ಟು ನನ್ನ ಕೈಗೆ ಕೊಡೆ ಕೊಟ್ಟಳು. ಬಿಚ್ಚಿ ಅವಳ ತಲೆಯ ಮೇಲೆ ಹಿಡಿದೆ.

"ಲೇ, ನನಗಲ್ಲ, ಪಾಚಿಗೆ ಹಿಡಿ!"

ಬಾಟಲಿಯನ್ನು ನನ್ನ ನೆರಳಿಗೆ ಎಳೆದುಕೊಂಡೆ. ಕೊಡೆ ಮಾತ್ರ ಅಲ್ಲಾಡಿಸಲಿಲ್ಲ.